50 ಲೈಫ್ ಕೈಯಲ್ಲಿದ್ದೂ ಸೋತೆ: ಕಾರ್ಲೊವ್ ಡೆಕ್ಕಿಗೆ ಯಾವ ಲೈಫ್ ಕಾರ್ಡ್ ಹಾಕಲಿ?

ವಿನೋಬನಗರ ಹುಡುಗ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ವಿನೋಬನಗರದಲ್ಲಿ ನಾವು ನಾಲ್ಕು ಜನ ಭಾನುವಾರ ಮಧ್ಯಾಹ್ನ ಸೇರಿ ಮ್ಯಾಜಿಕ್ ಎಂಬ ಕಾರ್ಡ್ ಆಟ ಆಡುತ್ತೇವೆ. ಅದರಲ್ಲೂ ಕಮಾಂಡರ್ ಎಂಬ ಬಗೆ ಬಿಟ್ಟು ಬೇರೆ ಆಡುವುದಿಲ್ಲ. 100 ಕಾರ್ಡಿನ ಡೆಕ್, ಒಬ್ಬೊಬ್ಬರಿಗೆ 40 ಲೈಫ್, ಅದು ಸೊನ್ನೆಯಾದರೆ ಔಟ್. ನನ್ನ ಕಮಾಂಡರ್ (ಡೆಕ್ಕಿನ ನಾಯಕ ಕಾರ್ಡ್) ಕಾರ್ಲೊವ್ ಆಫ್ ದ ಘೋಸ್ಟ್ ಕೌನ್ಸಿಲ್, ಅಂದರೆ ಬಿಳಿ-ಕಪ್ಪು ಬಣ್ಣ. ನನಗೆ ಲೈಫ್ ಏರಿಸುವ ಆಟ ತುಂಬಾ ಇಷ್ಟ. ಡೈಸ್ ತಿರುಗಿಸುತ್ತಾ 50, 60, 70 ಆಗುವುದನ್ನು ನೋಡುವುದೇ ಒಂದು ಖುಷಿ.

ಆದರೆ ಗೆಲ್ಲುತ್ತಿಲ್ಲ. ಮೊನ್ನೆ ಜೋರು ಮಳೆ, ಕರೆಂಟ್ ಇಲ್ಲ, ಚಾರ್ಜರ್ ಲೈಟ್ ಇಟ್ಟುಕೊಂಡು ಆಡಿದೆವು. ನನ್ನ ಲೈಫ್ 71 ಇತ್ತು. ಎದುರಿಗೆ ಕೂತವನ ಕಮಾಂಡರ್ ಏಳೇಳರಂತೆ ಮೂರು ಸಲ ಹೊಡೆಯಿತು. 21 ಆಯಿತು, ನಾನು ಔಟ್. ಇನ್ನೂ 50 ಲೈಫ್ ಹಾಗೇ ಉಳಿದಿತ್ತು. ಆಮೇಲೆ ಮುಕ್ಕಾಲು ಗಂಟೆ ಸುಮ್ನೆ ಕೂತು ಅವರ ಆಟ ನೋಡಿದೆ. ಬೇಜಾರಾಯಿತು.

ಈಗ ಡೆಕ್ಕಿನಲ್ಲಿರುವ ಲೈಫ್ ಕಾರ್ಡ್‌ಗಳು ಇವು: ಚಾಪ್ಲಿನ್ಸ್ ಬ್ಲೆಸಿಂಗ್, ಹೀಲಿಂಗ್ ಸಾಲ್ವ್, ಸೇಕ್ರೆಡ್ ನೆಕ್ಟರ್, ಬೀಕನ್ ಆಫ್ ಇಮ್ಮಾರ್ಟಾಲಿಟಿ, ರಾಕ್ಸ್ ಫೇತ್‌ಮೆಂಡರ್, ಸೋಲ್ ವಾರ್ಡನ್, ಗ್ರೇ ಮರ್ಚೆಂಟ್ ಆಫ್ ಆಸ್ಫೊಡೆಲ್. ಹತ್ತು ಕಾರ್ಡ್ ಬದಲಾಯಿಸಲು ತಯಾರಿದ್ದೇನೆ. ಯಾವುದನ್ನು ತೆಗೆಯಲಿ, ಯಾವುದನ್ನು ಹಾಕಲಿ? ತಿಳಿದವರು ದಯವಿಟ್ಟು ಹೇಳಿ.

ಗಾಜನೂರು

ಮಾರಾಯ, ಸೋತದ್ದು ಲೈಫ್ ಕಮ್ಮಿಯಾಗಿ ಅಲ್ಲ. ಒಂದೇ ಕಮಾಂಡರ್‌ನಿಂದ 21 ಪೆಟ್ಟು ತಿಂದರೆ ಲೈಫ್ 500 ಇದ್ದರೂ ಔಟ್. ಲೈಫ್ ಏರಿಸಿದರೆ ಆ 21ರ ಲೆಕ್ಕ ಇಳಿಯುವುದಿಲ್ಲ. ಕೆಲವು ಕಾರ್ಡ್ ಕೊಡುವ ವಿಷದ ಕೌಂಟರ್ (ಎಣಿಕೆಯ ಗುರುತು) 10 ಆದರೂ ಹಾಗೇ. ಹಾಗಾಗಿ ಇನ್ನೂ ಜಾಸ್ತಿ ಲೈಫ್ ಕೊಡುವ ಕಾರ್ಡ್ ಹುಡುಕುವುದರಲ್ಲಿ ಅರ್ಥ ಇಲ್ಲ. ಮೊದಲು ಗೋಸ್ಟ್ಲಿ ಪ್ರಿಸನ್ ಒಂದು ಹಾಕು. ನಿನ್ನ ಮೇಲೆ ಬರುವ ಒಂದೊಂದು ಕ್ರಿಯೇಚರ್‌ಗೂ (ಹೊಡೆದಾಡುವ ಕಾರ್ಡ್) ಅವರು 2 ಮನಾ (ಕಾರ್ಡ್ ಆಡಲು ಕೊಡುವ ಶಕ್ತಿ) ಕೊಡಬೇಕಾಗುತ್ತದೆ. ಆಗ ಬೇರೆಯವರ ಕಡೆ ತಿರುಗುತ್ತಾರೆ.

ಸಾಗರದ ಅಕ್ಕ

ಗಾಜನೂರಿನವರು ಹೇಳಿದ್ದು ಸರಿ. ಆದರೆ ತಮ್ಮಾ, ನಿನ್ನ ಕಾರ್ಲೊವ್ ಕಾರ್ಡನ್ನು ಇನ್ನೊಂದು ಸಲ ಓದು. ನಿಧಾನವಾಗಿ ಓದು.

'ನೀನು ಲೈಫ್ ಪಡೆದಾಗಲೆಲ್ಲ ಕಾರ್ಲೊವ್ ಮೇಲೆ ಎರಡು ಕೌಂಟರ್' ಎಂದು ಇದೆ. ಒಂದೊಂದು ಕೌಂಟರ್‌ಗೂ ಅವನ ಬಲ ಒಂದು ಏರುತ್ತದೆ. ಎಷ್ಟು ಲೈಫ್ ಬಂತು ಎಂದು ಅದು ಕೇಳುವುದೇ ಇಲ್ಲ. ಎಷ್ಟು ಸಲ ಬಂತು ಎಂದು ಮಾತ್ರ ನೋಡುತ್ತದೆ. ಚಾಪ್ಲಿನ್ಸ್ ಬ್ಲೆಸಿಂಗ್‌ನಿಂದ 5 ಲೈಫ್ ಬಂದರೂ ಎರಡೇ ಕೌಂಟರ್. ಸೋಲ್ ವಾರ್ಡನ್‌ನಿಂದ 1 ಬಂದರೂ ಎರಡು ಕೌಂಟರ್. ಮೊದಲನೆಯದು ಒಂದು ಸಲ ಆಡಿ ಮುಗಿಯಿತು. ಎರಡನೆಯದು ಕೂತಲ್ಲೇ ಕೂತು ಕೊಡುತ್ತಲೇ ಇರುತ್ತದೆ. ಕಾರ್ಲೊವ್‌ಗೆ ಬೇಕಾದದ್ದು ಜಿಟಿಜಿಟಿ ಮಳೆ. ಒಂದೇ ಸಲ ಸುರಿದು ನಿಲ್ಲುವ ಮಳೆಯಿಂದ ಅವನಿಗೆ ಉಪಯೋಗ ಇಲ್ಲ.

ಈಗ ನಾಲ್ಕು ಜನರ ಟೇಬಲ್ ಲೆಕ್ಕ ನೋಡು. ಸೋಲ್ ವಾರ್ಡನ್ ನಿನ್ನ ಕ್ರಿಯೇಚರ್‌ಗಳನ್ನು ಮಾತ್ರ ಎಣಿಸುವುದಿಲ್ಲ, ಯಾರ ಕ್ರಿಯೇಚರ್ ಬಂದರೂ ಎಣಿಸುತ್ತದೆ. ಒಂದು ಸುತ್ತಿನಲ್ಲಿ ನಾಲ್ಕೂ ಜನ ಒಂದೊಂದು ಕ್ರಿಯೇಚರ್ ಇಳಿಸಿದರು ಎಂದುಕೋ. ನಾಲ್ಕು ಸಲ ಲೈಫ್, ಎಂಟು ಕೌಂಟರ್. ಕಾರ್ಲೊವ್ ಮೇಲಿಂದ ಆರು ಕೌಂಟರ್ ತೆಗೆದು, ಒಂದು ಬಿಳಿ ಒಂದು ಕಪ್ಪು ಮನಾ ಕೊಟ್ಟರೆ ಯಾವುದೇ ಕ್ರಿಯೇಚರ್ ಎಕ್ಸೈಲ್, ಅಂದರೆ ಮೇಜಿನಿಂದ ಹೊರಗೆ. ಅಂದರೆ ಒಂದು ಮನಾದ ಒಂದು ಕಾಮನ್ ಕಾರ್ಡಿನಿಂದ ಪ್ರತಿ ಸುತ್ತಿಗೂ ಒಂದು ಕ್ರಿಯೇಚರ್ ಹೊರಗೆ ಹೋಗುತ್ತದೆ, ಮೇಲೆ ಎರಡು ಕೌಂಟರ್ ಉಳಿಯುತ್ತದೆ. ಎದುರಿನವನ ಕಮಾಂಡರ್ ನಿನಗೆ ಮೂರು ಸಲ ಹೊಡೆಯುವ ಮಾತೇ ಬರುವುದಿಲ್ಲ. ಮೊದಲ ಸಲ ದಾಳಿಗೆ ಬಂದಾಗಲೇ ಎಕ್ಸೈಲ್ ಮಾಡಬಹುದು. ಆ ಕಮಾಂಡರ್ ಅನ್ನು ಅವನು ಮತ್ತೆ ಆಡಬೇಕೆಂದರೆ 2 ಮನಾ ಜಾಸ್ತಿ ಕೊಡಬೇಕು.

ಹೀಗಾಗಿ ನನ್ನ ಪ್ರಕಾರ ಮೊದಲು ಹಾಕಬೇಕಾದವು ಇವು. ಸೋಲ್ಸ್ ಅಟೆಂಡೆಂಟ್, ಇದು ಸೋಲ್ ವಾರ್ಡನ್‌ನ ತಂಗಿ ಇದ್ದಹಾಗೆ, ಅದೇ ಕೆಲಸ. ಸೂಚರ್ ಪ್ರೀಸ್ಟ್: ನಿನ್ನ ಕ್ರಿಯೇಚರ್ ಬಂದರೆ ನಿನಗೆ 1 ಲೈಫ್, ಎದುರಾಳಿಯ ಕ್ರಿಯೇಚರ್ ಬಂದರೆ ಅವರಿಗೇ 1 ಕಮ್ಮಿ. ಟೋಕನ್ (ಬೇರೆ ಕಾರ್ಡ್‌ಗಳು ಹುಟ್ಟಿಸುವ ಕ್ರಿಯೇಚರ್) ಆಡುವವರು ನಿಮ್ಮ ಟೇಬಲ್ಲಿನಲ್ಲಿದ್ದರೆ ಇದು ಬಹಳ ದೊಡ್ಡ ಕಾರ್ಡ್. ಅಥಾರಿಟಿ ಆಫ್ ದ ಕಾನ್ಸಲ್ಸ್: ಎದುರಾಳಿಗಳ ಕ್ರಿಯೇಚರ್ ಟ್ಯಾಪ್ ಆಗಿಯೇ (ಅಡ್ಡ ತಿರುಗಿ, ಕೂಡಲೇ ಕೆಲಸಕ್ಕೆ ಬಾರದಂತೆ) ಬರುತ್ತವೆ, ಬಂದಾಗಲೆಲ್ಲ ನಿನಗೆ 1. ಇದು ಎನ್‌ಚಾಂಟ್‌ಮೆಂಟ್, ಕ್ರಿಯೇಚರ್ ಅಲ್ಲ, ಆದ್ದರಿಂದ ಯಾರಾದರೂ ಎಲ್ಲಾ ಕ್ರಿಯೇಚರ್‌ಗಳನ್ನು ಗುಡಿಸಿ ಹಾಕಿದರೂ ಉಳಿಯುತ್ತದೆ. ಈ ಮೂರಕ್ಕೂ ಎರಡು ಮನಾದ ಮೇಲೆ ಇಲ್ಲ.

ಇನ್ನು ಎಕ್ಸ್‌ಟಾರ್ಟ್ ಎಂಬ ಗುಣ. ಇದು 2013ರ ಗೇಟ್‌ಕ್ರ್ಯಾಶ್ ಸೆಟ್ಟಿನಲ್ಲಿ ಬಂತು. ನೀನು ಯಾವುದೇ ಸ್ಪೆಲ್ (ಮನಾ ಕೊಡುವ ಲ್ಯಾಂಡ್ ಬಿಟ್ಟು ಬೇರೆ ಕಾರ್ಡ್) ಆಡಿದಾಗ ಒಂದು ಮನಾ ಜಾಸ್ತಿ ಕೊಟ್ಟರೆ ಪ್ರತಿ ಎದುರಾಳಿಗೂ 1 ಕಮ್ಮಿ, ಅಷ್ಟೂ ನಿನಗೆ ಸೇರುತ್ತದೆ. ಇಬ್ಬರೇ ಆಡಿದರೆ 1 ಲೈಫ್. ನಾಲ್ವರು ಆಡಿದರೆ 3. ಮೇಜಿನ ಮೇಲೆ ಎಕ್ಸ್‌ಟಾರ್ಟ್ ಇರುವ ಕಾರ್ಡ್ ಮೂರಿದ್ದರೆ, ಒಂದೇ ಸ್ಪೆಲ್ಲಿಗೆ ಮೂರು ಸಲ ಬೇರೆ ಬೇರೆಯಾಗಿ ಕೊಡಬಹುದು. ಮೂರು ಸಲ ಲೈಫ್, ಆರು ಕೌಂಟರ್. ಬ್ಲೈಂಡ್ ಒಬಿಡಿಯನ್ಸ್, ಸಿಂಡಿಕ್ ಆಫ್ ಟೈತ್ಸ್, ಕಿಂಗ್‌ಪಿನ್ಸ್ ಪೆಟ್ ಈ ಮೂರನ್ನು ನಾನು ಯಾವತ್ತೂ ಡೆಕ್ಕಿನಿಂದ ತೆಗೆದಿಲ್ಲ.

ಹೀಲಿಂಗ್ ಸಾಲ್ವ್ ಬಗ್ಗೆ ಒಂದು ಮಾತು. ಅದು 1993ರ ಮೊದಲ ಸೆಟ್ಟಿನ ಕಾರ್ಡ್. ಆ ಸೆಟ್ಟಿನಲ್ಲಿ ಬಣ್ಣಕ್ಕೊಂದರಂತೆ 'ಒಂದು ಮನಾಕ್ಕೆ ಮೂರು' ಕೊಡುವ ಐದು ಕಾರ್ಡ್ ಇದ್ದವು. ಆನ್ಸೆಸ್ಟ್ರಲ್ ರೀಕಾಲ್ ಮೂರು ಕಾರ್ಡ್, ಡಾರ್ಕ್ ರಿಚುವಲ್ ಮೂರು ಮನಾ, ಲೈಟ್ನಿಂಗ್ ಬೋಲ್ಟ್ ಮೂರು ಡ್ಯಾಮೇಜ್, ಜಯಂಟ್ ಗ್ರೋತ್ ಮೂರು ಬಲ, ಹೀಲಿಂಗ್ ಸಾಲ್ವ್ ಮೂರು ಲೈಫ್. ಮೂರು ಕಾರ್ಡ್ ಎಳೆಸುವುದು ಕಮಾಂಡರ್‌ನಲ್ಲಿ ಬ್ಯಾನ್ ಆಗುವಷ್ಟು ಬಲ. ಮೂರು ಲೈಫನ್ನು ಇವತ್ತು ಯಾರೂ ಕೇಳುವುದಿಲ್ಲ. ಬರೀ ಲೈಫ್ ಕೊಟ್ಟು ಸುಮ್ಮನಾಗುವ ಕಾರ್ಡಿನ ಬೆಲೆ ಎಷ್ಟು ಎಂದು ಇದರಿಂದಲೇ ಗೊತ್ತಾಗುತ್ತದೆ.

ತೆಗೆಯಬೇಕಾದವು: ಬ್ಲೆಸಿಂಗ್, ಸಾಲ್ವ್, ನೆಕ್ಟರ್, ಬೀಕನ್, ಫೇತ್‌ಮೆಂಡರ್. ಬೀಕನ್ ನಿನ್ನ ಲೈಫನ್ನು ಎರಡರಷ್ಟು ಮಾಡುತ್ತದೆ, ಆದರೆ ಆರು ಮನಾಕ್ಕೆ ಒಂದೇ ಸಲ. ಫೇತ್‌ಮೆಂಡರ್ ಕೂಡ ಮೊತ್ತವನ್ನು ಎರಡರಷ್ಟು ಮಾಡುತ್ತದೆ, ಸಲವನ್ನಲ್ಲ.

ಅಪ್ಪೆಮಿಡಿ

ಅಕ್ಕ ಬರೆದದ್ದು ಓದಿ ನನ್ನ ಡೆಕ್ಕನ್ನೂ ತೆಗೆದು ಹರಡಿಕೊಂಡು ಕೂತಿದ್ದೇನೆ. ಒಂದು ಸಂಶಯ. ಗ್ರೇ ಮರ್ಚೆಂಟ್ ಕೊಡುವುದು ದೊಡ್ಡ ಮೊತ್ತ, ಒಂದೇ ಸಲ. ಹಾಗಾದರೆ ಅದನ್ನೂ ತೆಗೆಯಬೇಕಾ?

ಸಾಗರದ ಅಕ್ಕ

ಬೇಡ, ಬೇಡ. ಅದನ್ನು ಇಡಿ. ಅದು ಲೈಫ್ ಕಾರ್ಡಿಗಿಂತ ಹೆಚ್ಚಾಗಿ ಹೊಡೆಯುವ ಕಾರ್ಡ್.

ಇಲ್ಲಿ ಕಾರ್ಡಿನ ಮೇಲಿರುವ ಮಾತನ್ನು ಸೂಕ್ಷ್ಮವಾಗಿ ಓದಬೇಕು. ಜುಲಾಪೋರ್ಟ್ ಕಟ್‌ಥ್ರೋಟ್ ಮೇಲೆ 'ಪ್ರತಿ ಎದುರಾಳಿಗೂ 1 ಕಮ್ಮಿ, ನಿನಗೆ 1' ಎಂದಿದೆ. ಮೂರು ಜನ ಕಳೆದುಕೊಂಡರೂ ನಿಮಗೆ ಬರುವುದು ಒಂದೇ. ಗ್ರೇ ಮರ್ಚೆಂಟ್ ಮೇಲೆ 'ಹೀಗೆ ಕಳೆದುಹೋದಷ್ಟೂ ಲೈಫ್ ನಿನಗೆ' ಎಂದಿದೆ. ಮೂರು ಜನರದ್ದೂ ಕೂಡಿ ಬರುತ್ತದೆ. ನಿಮ್ಮ ಮೇಜಿನ ಮೇಲಿನ ಕಾರ್ಡ್‌ಗಳ ಮನಾ ಬೆಲೆಯಲ್ಲಿ ಎಷ್ಟು ಕಪ್ಪು ಚಿಹ್ನೆ ಇವೆಯೋ ಅಷ್ಟು ಪ್ರತಿ ಎದುರಾಳಿಗೂ ಕಮ್ಮಿಯಾಗುತ್ತದೆ. ಕಣಕ್ಕೆ ಒಂಟಿಯಾಗಿ ಬಂದರೂ ಅದರ ಎರಡು ಕಪ್ಪು ಚಿಹ್ನೆಗೆ ತಲಾ 2 ಕಮ್ಮಿ, ನಿಮಗೆ 6. ಜನ ಹೆಚ್ಚಾದಷ್ಟೂ ಬಲವಾಗುವ ಕಾರ್ಡ್ ಇವು. ಕೊಕುಶೋ ಸಾಯುವಾಗ ತಲಾ 5, ನಿಮಗೆ 15. ಎಕ್ಸ್‌ಸ್ಯಾಂಗ್ವಿನೇಟ್‌ಗೆ ಹತ್ತು ಹಾಕಿದರೆ 30.

ಆಗುಂಬೆ ಮಳೆ

ಅಕ್ಕನ ಮಾತಿಗೆ ಅರ್ಧ ಒಪ್ಪುತ್ತೇನೆ, ಅರ್ಧ ಇಲ್ಲ. ಸಲ ಮುಖ್ಯ ಎನ್ನುವುದು ಕಾರ್ಲೊವ್ ಮೇಜಿನ ಮೇಲೆ ಇರುವವರೆಗೆ. ಅವನು ಎರಡು ಮೂರು ಸಲ ಸತ್ತಮೇಲೆ? ಮತ್ತೆ ಆಡಲು ಪ್ರತಿ ಸಲ 2 ಮನಾ ಜಾಸ್ತಿ ಕೊಡಬೇಕು. ಬಂದ ಮೇಲೂ ಕೌಂಟರ್ ಸೊನ್ನೆಯಿಂದಲೇ ಶುರು. ಆಗ ಬರೀ ಒಂದೊಂದು ಲೈಫ್ ಕೊಡುವ ಸಣ್ಣ ಕ್ರಿಯೇಚರ್‌ಗಳನ್ನು ಇಟ್ಟುಕೊಂಡು ಎಂತ ಮಾಡುವುದು?

ಅದಕ್ಕೆ ಮೊತ್ತವನ್ನು ಬಳಸಿಕೊಳ್ಳುವ ಕಾರ್ಡೂ ಎರಡು ಮೂರು ಬೇಕು. ನನ್ನ ಮೆಚ್ಚಿನದು ವೆಲ್ ಆಫ್ ಲಾಸ್ಟ್ ಡ್ರೀಮ್ಸ್. ಲೈಫ್ ಬಂದಾಗ, ಬಂದ ಲೈಫಿನ ಮಿತಿಯೊಳಗೆ ಎಷ್ಟು ಮನಾ ಕೊಡುತ್ತೀರೋ ಅಷ್ಟು ಕಾರ್ಡ್ ಎಳೆಯಬಹುದು. ಗ್ರೇ ಮರ್ಚೆಂಟ್ 6 ಕೊಟ್ಟರೆ, 6 ಮನಾ ಉಳಿದಿದ್ದರೆ, ಆರು ಕಾರ್ಡ್. ನನ್ನ ಅನುಭವದಲ್ಲಿ ಲೈಫ್ ಡೆಕ್ ಸೋಲುವುದು ಲೈಫ್ ಮುಗಿದು ಅಲ್ಲ, ಕೈಯಲ್ಲಿ ಕಾರ್ಡ್ ಮುಗಿದು. ಬಡಬಡ ಸಣ್ಣ ಕಾರ್ಡ್ ಇಳಿಸುತ್ತೇವೆ, ಯಾರೋ ಎಲ್ಲವನ್ನೂ ಗುಡಿಸುತ್ತಾರೆ, ಆಮೇಲೆ ಒಂದೊಂದೇ ಎಳೆದು ಆಡುತ್ತಾ ಕೂರುತ್ತೇವೆ. ಡಾನ್ ಆಫ್ ಹೋಪ್, ಕಾಸ್ಮೋಸ್ ಎಲಿಕ್ಸಿರ್ ಇವೂ ಕಾರ್ಡ್ ಎಳೆಸುತ್ತವೆ. ಕಪ್ಪು ಬಣ್ಣ ಇರುವುದರಿಂದ ಗ್ರೀಡ್ ಕೂಡ ಹಾಕಬಹುದು: ಒಂದು ಕಪ್ಪು ಮನಾ, 2 ಲೈಫ್, ಒಂದು ಕಾರ್ಡ್. 70 ಲೈಫ್ ಇದ್ದಾಗ ಅದರಲ್ಲಿ 20 ಖರ್ಚು ಮಾಡಿ ಹತ್ತು ಕಾರ್ಡ್ ಎಳೆಯುವುದಕ್ಕೆ ಹೆದರಬಾರದು. ಲೈಫ್ ಇರುವುದೇ ಖರ್ಚಿಗೆ.

ಈಥರ್‌ಫ್ಲಕ್ಸ್ ರಿಸರ್ವಾಯರ್ ಕೂಡ ಯೋಚಿಸಿ. 50 ಲೈಫ್ ಕೊಟ್ಟರೆ ಒಬ್ಬರಿಗೆ 50 ಡ್ಯಾಮೇಜ್. ಆದರೆ ಸರಿಯಾಗಿ 50 ಇದ್ದಾಗ ಮಾತ್ರ ಕೊಡಬೇಡಿ. ಕೊಟ್ಟ ಕೂಡಲೇ ನಿಮ್ಮ ಲೈಫ್ ಸೊನ್ನೆ, ಆ ಡ್ಯಾಮೇಜ್ ನಡೆಯುವ ಮೊದಲೇ ನೀವು ಔಟ್. 51 ಇರಬೇಕು.

ಸಾಗರದ ಅಕ್ಕ

ಕೈ ಖಾಲಿಯಾಗುವ ಮಾತು ನಿಜ. ಅದನ್ನು ನಾನು ಬರೆಯಬೇಕಿತ್ತು, ಬಿಟ್ಟುಹೋಯಿತು. ವೆಲ್ ಹಾಕೋಣ, ಒಪ್ಪಿದೆ.

ವಿನೋಬನಗರ ಹುಡುಗ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. 'ಎಷ್ಟು ಸಲ' ಎನ್ನುವುದನ್ನು ನಾನು ಯೋಚನೆಯೇ ಮಾಡಿರಲಿಲ್ಲ. ಹಾಗಾದರೆ ಲೈಫ್‌ಲಿಂಕ್ (ಕ್ರಿಯೇಚರ್ ಹೊಡೆದಷ್ಟೂ ಲೈಫ್ ನಮಗೆ ಬರುವ ಗುಣ) ಹೇಗೆ ಎಣಿಸುವುದು ಅಕ್ಕಾ? ಲೈಫ್‌ಲಿಂಕ್ ಇರುವ ಎರಡು ಕ್ರಿಯೇಚರ್ ಒಟ್ಟಿಗೆ ಹೊಡೆದರೆ ಒಂದು ಸಲವೋ ಎರಡು ಸಲವೋ?

ಸಾಗರದ ಅಕ್ಕ

ಎರಡು ಸಲ. ಒಂದೇ ಹೊತ್ತಿಗೆ ಹೊಡೆದರೂ ಒಂದೊಂದು ಕ್ರಿಯೇಚರ್‌ನದ್ದು ಬೇರೆ ಬೇರೆ ಲೆಕ್ಕ. ಕಾರ್ಲೊವ್‌ಗೆ ನಾಲ್ಕು ಕೌಂಟರ್. ಆದರೆ ಒಂದೇ ಕ್ರಿಯೇಚರ್ ಇಬ್ಬರು ಬ್ಲಾಕರ್‌ಗೆ (ತಡೆಯುವ ಕ್ರಿಯೇಚರ್) ಹಂಚಿ ಹೊಡೆದರೆ ಒಂದೇ ಸಲ. ಡಬಲ್ ಸ್ಟ್ರೈಕ್ (ಒಂದೇ ದಾಳಿಯಲ್ಲಿ ಎರಡು ಸಲ ಹೊಡೆಯುವ ಗುಣ) ಇದ್ದರೆ ಎರಡು. ಒಂದೇ ಕ್ರಿಯೇಚರ್‌ಗೆ ಲೈಫ್‌ಲಿಂಕ್ ಎರಡು ಸಲ ಕೊಟ್ಟರೂ ಉಪಯೋಗ ಇಲ್ಲ, ಅದು ಕೂಡುವುದಿಲ್ಲ.

ಕೊನೆಕೊಯ್ಲು

ತೀರ್ಥಹಳ್ಳಿ ಕಡೆಯಿಂದ ಬರೆಯುತ್ತಿದ್ದೇನೆ. ನಾವು ಆಡುವುದು ಅಡಿಕೆ ಕೆಲಸ ಮುಗಿದ ಮೇಲೆ ರಾತ್ರಿ, ಮನೆ ಜಗಲಿಯಲ್ಲಿ. ಐದು ಜನ ಆಗುವುದೂ ಉಂಟು. ಐದು ಜನ ಆದಾಗ ಎಕ್ಸ್‌ಟಾರ್ಟ್‌ಗೆ ಒಂದು ಸಲಕ್ಕೆ 4 ಲೈಫ್!

ನನ್ನ ಪ್ರಶ್ನೆ ಬೇರೆ. ನಮ್ಮಲ್ಲಿ ಒಬ್ಬ ಎರೆಬೊಸ್, ಗಾಡ್ ಆಫ್ ದ ಡೆಡ್ ಆಡುತ್ತಾನೆ. ಅದು ಇದ್ದರೆ ಎದುರಾಳಿಗಳು ಲೈಫ್ ಪಡೆಯುವ ಹಾಗೇ ಇಲ್ಲ. ಅದು ಇಳಿದ ಕೂಡಲೇ ನನ್ನ ಡೆಕ್ ಪೂರ್ತಿ ನಿಂತುಹೋಗುತ್ತದೆ. ನಾಶ ಮಾಡಲೂ ಆಗುವುದಿಲ್ಲ, ಇನ್‌ಡಿಸ್ಟ್ರಕ್ಟಿಬಲ್. ಇದಕ್ಕೆ ಏನು ದಾರಿ?

ಆಗುಂಬೆ ಮಳೆ

ಎಕ್ಸೈಲ್ ಮಾಡಬೇಕು. ಬಿಳಿ-ಕಪ್ಪಿಗೆ ಆಂಗ್ವಿಶ್ಡ್ ಅನ್‌ಮೇಕಿಂಗ್ ಇದೆ, ಮೂರು ಮನಾ, ಲ್ಯಾಂಡ್ ಬಿಟ್ಟು ಯಾವುದನ್ನಾದರೂ ಎಕ್ಸೈಲ್ ಮಾಡುತ್ತದೆ. ನಿಮಗೆ 3 ಲೈಫ್ ಹೋಗುತ್ತದೆ, ಹೋಗಲಿ. ಅಟರ್ ಎಂಡ್ ನಾಲ್ಕು ಮನಾ, ಅದೂ ಅದೇ ಕೆಲಸ. ಇಂಥವು ಎರಡಾದರೂ ಇರಲಿ. ಟೇಂಟೆಡ್ ರೆಮಿಡಿ ಬಂದರೆ ಇನ್ನೂ ಕಷ್ಟ, ಪಡೆಯಬೇಕಾದ ಲೈಫನ್ನು ಕಳೆದುಕೊಳ್ಳುತ್ತೀರಿ. ಆಗ ನಿಮ್ಮ ಸೋಲ್ ವಾರ್ಡನ್ನೇ ನಿಮ್ಮನ್ನು ಕೊಲ್ಲುತ್ತದೆ, ಏಕೆಂದರೆ ಅದರ ಲೈಫ್ ಬೇಡ ಎನ್ನುವ ಹಾಗಿಲ್ಲ. ಸೋಲ್ಸ್ ಅಟೆಂಡೆಂಟ್‌ನಲ್ಲಿ 'ಬೇಕಿದ್ದರೆ' ಎಂದು ಇದೆ, ಅದು ಪರವಾಗಿಲ್ಲ.

ಕೊನೆಕೊಯ್ಲು

ಈ 'ಬೇಕಿದ್ದರೆ' ವಿಷಯ ಇವತ್ತು ಗೊತ್ತಾಯಿತು. ಅಕ್ಕ ಅದೇ ಕೆಲಸ ಎಂದಿದ್ದರು, ಆದರೆ ವ್ಯತ್ಯಾಸ ಇದೆ ಅಲ್ವಾ. ಇನ್ನೊಂದು. ನನ್ನ ತಮ್ಮನದ್ದು ಬರೀ ಕಪ್ಪು ಡೆಕ್. ಅವನು ಕ್ರಿಪ್ಟ್ ಘಾಸ್ಟ್ ಹಾಕಬಹುದಾ? ಕಮಾಂಡರ್‌ನ ಬಣ್ಣ ಬಿಟ್ಟು ಬೇರೆ ಬಣ್ಣದ ಚಿಹ್ನೆ ಡೆಕ್ಕಿನಲ್ಲಿ ಇರಬಾರದಲ್ಲ, ಎಕ್ಸ್‌ಟಾರ್ಟ್ ಚಿಹ್ನೆಯಲ್ಲಿ ಅರ್ಧ ಬಿಳಿ ಇದೆ.

ಆಗುಂಬೆ ಮಳೆ

ಹಾಕಬಹುದು. ಆ ಚಿಹ್ನೆ ಇರುವುದು ಆವರಣದೊಳಗಿನ ವಿವರಣೆಯಲ್ಲಿ. ವಿವರಣೆಯ ಚಿಹ್ನೆ ಬಣ್ಣದ ಲೆಕ್ಕಕ್ಕೆ ಬರುವುದಿಲ್ಲ.

ಅಪ್ಪೆಮಿಡಿ

ಸ್ಯಾಂಗ್ವಿನ್ ಬಾಂಡ್, ಎಕ್ಸ್‌ಕ್ವಿಸಿಟ್ ಬ್ಲಡ್ ಬಗ್ಗೆ ಯಾರೂ ಹೇಳಲಿಲ್ಲ. ಮೊದಲನೆಯದರಲ್ಲಿ ನಿಮಗೆ ಲೈಫ್ ಬಂದರೆ ಎದುರಾಳಿಯದ್ದು ಕಮ್ಮಿಯಾಗುತ್ತದೆ, ಎರಡನೆಯದರಲ್ಲಿ ಎದುರಾಳಿಯದ್ದು ಕಮ್ಮಿಯಾದರೆ ನಿಮಗೆ ಬರುತ್ತದೆ. ಎರಡೂ ಕೂತಮೇಲೆ 1 ಲೈಫ್ ಬಂದರೆ ಸಾಕು, ಸುತ್ತಿ ಸುತ್ತಿ ಎಲ್ಲರೂ ಔಟ್. ಸ್ಯಾಂಗ್ವಿನ್ ಬಾಂಡ್ ಬದಲು ವಿಟೊ ಎಂಬ ಕಾರ್ಡ್ ಇದ್ದರೂ ಅದೇ.

ನಾನು ಎರಡನ್ನೂ ಇಟ್ಟಿದ್ದೆ. ಆಮೇಲೆ ತೆಗೆದೆ. ಏಕೆಂದರೆ ಒಂದು ಗಂಟೆ ಆಡಿದ ಚಂದದ ಆಟ ಒಂದೇ ಕಾರ್ಡಿಗೆ ಮುಗಿದಾಗ ಉಳಿದ ಮೂವರ ಮುಖ ನೋಡಲು ಆಗುತ್ತಿರಲಿಲ್ಲ. ಮಳೆಯಲ್ಲಿ ಹೊಸನಗರದಿಂದ ಬಸ್ಸು ಹತ್ತಿ ಬಂದವನು ಒಬ್ಬ ಇದ್ದ. ಈ ಆಟ ಮಾಡುವ ವಿಜರ್ಡ್ಸ್ ಕಂಪನಿಯವರು 2025ರ ಫೆಬ್ರುವರಿಯಲ್ಲಿ ಡೆಕ್‌ಗಳ ಬಲಕ್ಕೆ ಐದು ಹಂತ ಮಾಡಿದರಲ್ಲ, ಅದರಲ್ಲೂ ಮೊದಲ ಎರಡು ಹಂತಗಳಲ್ಲಿ ಇಂಥ ಎರಡು ಕಾರ್ಡಿನ ಕೊನೆಯಿಲ್ಲದ ಕಾಂಬೊ ಬೇಡ ಎಂದೇ ಇದೆ. ಹಾಕಬಾರದು ಎನ್ನುತ್ತಿಲ್ಲ. ಆಟ ಶುರುವಾಗುವ ಮೊದಲೇ ಹೇಳಿಬಿಡಿ. ಫೆಲಿಡಾರ್ ಸಾವರಿನ್ ಕೂಡ ಹಾಗೇ. ನಿಮ್ಮ ಅಪ್‌ಕೀಪ್‌ನಲ್ಲಿ (ಟರ್ನಿನ ಶುರುವಿನಲ್ಲಿ) 40 ಲೈಫ್ ಇದ್ದರೆ ಗೆಲುವು, ನಾವು ಶುರುವಾಗುವುದೇ 40ರಿಂದ!

ಗಾಜನೂರು

ನಾನು ಫೆಲಿಡಾರ್ ಪರ. ಇಳಿಸಿದ ಮೇಲೆ ಒಂದು ಪೂರ್ತಿ ಸುತ್ತು ಮೂವರಿಗೂ ಅವಕಾಶ ಸಿಗುತ್ತದೆ. ಆರು ಮನಾದ ಕಾರ್ಡ್ ಅದು. ಮೂರು ಜನ ಸೇರಿ ಒಂದು ಕ್ರಿಯೇಚರ್ ತೆಗೆಯಲು ಆಗದಿದ್ದರೆ ಅದು ಅವರ ಡೆಕ್ಕಿನ ಕೊರತೆ. ನಾನು ಬೇಡ ಎನ್ನುವುದು ಸೆರಾ ಅಸೆಂಡೆಂಟ್. 30 ಲೈಫ್ ಇದ್ದರೆ ಅದು 6/6 (ಹೊಡೆತ 6, ತಡೆಯುವ ಶಕ್ತಿ 6), ಹಾರುತ್ತದೆ, ಲೈಫ್‌ಲಿಂಕ್ ಬೇರೆ. ಕಮಾಂಡರ್‌ನಲ್ಲಿ ಮೊದಲ ಟರ್ನಿಗೇ ಹಾಗೆ ಬರುತ್ತದೆ. ಬಲ ಇದೆ, ಆದರೆ ಆ ಕ್ಷಣದಿಂದ ಮೂರೂ ಜನ ನಿನ್ನ ಮೇಲೆಯೇ ಬೀಳುತ್ತಾರೆ. ನಾನು ಆಡಿದಾಗಲೆಲ್ಲ ಮೊದಲು ಎದ್ದುಹೋದವನು ನಾನೇ. ಸ್ಪೀಕರ್ ಆಫ್ ದ ಹೆವೆನ್ಸ್ ಅದಕ್ಕಿಂತ ಒಳ್ಳೆಯದು. ಅದು ಶುರುವಿನ ಲೈಫಿಗಿಂತ 7 ಜಾಸ್ತಿ ಕೇಳುತ್ತದೆ, ನಮ್ಮಲ್ಲಿ 47. ಗಳಿಸಿದ ಮೇಲೆ ಫಲ ಸಿಗುತ್ತದೆ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸಾಗರದ ಅಕ್ಕ

ವಿಟೊ ವಿಷಯ ಬಂತಲ್ಲ, ಕಾಂಬೊ ಇಲ್ಲದೆಯೂ ಅದು ಒಳ್ಳೆಯ ಕಾರ್ಡ್. ಕಾರ್ಲೊವ್, ವಿಟೊ ಎರಡೂ ಇದ್ದಾಗ ಗ್ರೇ ಮರ್ಚೆಂಟ್ ಇಳಿಸಿದರೆ ಕಪ್ಪು ಚಿಹ್ನೆ ನಾಲ್ಕು. ತಲಾ 4 ಹೋಗುತ್ತದೆ, ನಿನಗೆ 12 ಬರುತ್ತದೆ, ಆ 12 ವಿಟೊ ಮೂಲಕ ಒಬ್ಬರ ಮೇಲೆ ಬೀಳುತ್ತದೆ. ಅವರಿಗೆ ಒಟ್ಟು 16. ಸಣ್ಣ ಸಣ್ಣ ಲೈಫ್ ಬರುವ ಆಟಕ್ಕೆ ಮಾತ್ರ ಮರಾಡಿಂಗ್ ಬ್ಲೈಟ್-ಪ್ರೀಸ್ಟ್ ಮೇಲು. 1 ಲೈಫ್ ಬಂದರೂ ಮೂವರಿಗೂ ತಲಾ 1 ಹೋಗುತ್ತದೆ. ಕಾಮನ್ ಕಾರ್ಡ್, ದುಡ್ಡೂ ಹೆಚ್ಚು ಬೇಡ.

ಇನ್ನೊಂದು ಮಾತು, ವಿಷಯಕ್ಕೆ ಹೊರತು. ಹೊಳೆಯುವ ಫಾಯಿಲ್ ಕಾರ್ಡ್ ತರಿಸಬೇಡ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಹಪ್ಪಳದ ಹಾಗೆ ಬಾಗುತ್ತವೆ. ನನ್ನ ಚಂದದ ಕಾರ್ಲೊವ್ ಒಂದೇ ಮಳೆಗಾಲಕ್ಕೆ ಸ್ಲೀವಿನೊಳಗೆ ಮಡಚಿಕೊಂಡಿತು. ಈಗ ಎಲ್ಲಾ ಡೆಕ್ಕನ್ನೂ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ.

ವಿನೋಬನಗರ ಹುಡುಗ

ಬದಲಾಯಿಸಿದೆ, ನಿನ್ನೆ ಆಡಿದೆವು. ಬೆಂಗಳೂರಿಂದ ಕಾರ್ಡ್ ಬರುವವರೆಗೆ ಕಾಗದದಲ್ಲಿ ಬರೆದು ಸ್ಲೀವಿಗೆ ಹಾಕಿಕೊಂಡಿದ್ದೆ, ಎಲ್ಲರೂ ಒಪ್ಪಿದರು.

ಮೊದಲ ಟರ್ನ್ ಸೋಲ್ ವಾರ್ಡನ್, ಎರಡನೇ ಟರ್ನ್ ಕಾರ್ಲೊವ್. ಕಾರ್ಲೊವ್ ಬಂದದ್ದಕ್ಕೇ ವಾರ್ಡನ್ 1 ಲೈಫ್ ಕೊಟ್ಟಿತು, ಅಲ್ಲೇ 4/4 ಆದ! ಟೋಕನ್ ಆಡುವವನು ಒಂದೇ ಟರ್ನಿನಲ್ಲಿ ಐದು ಟೋಕನ್ ಇಳಿಸಿದ. ಐದು ಸಲ ಲೈಫ್, ಹತ್ತು ಕೌಂಟರ್. ಹೋದ ವಾರ ನನ್ನನ್ನು ಹೊಡೆದ ಆ ಕಮಾಂಡರ್ ದಾಳಿಗೆ ಬಂದ ಕೂಡಲೇ ಎಕ್ಸೈಲ್ ಮಾಡಿದೆ. ಮತ್ತೆ ಬಂತು, ಮತ್ತೆ ಮಾಡಿದೆ. ಬ್ಲೈಟ್-ಪ್ರೀಸ್ಟ್ ಮತ್ತು ಎಕ್ಸ್‌ಟಾರ್ಟ್ ಸೇರಿ ಒಬ್ಬ ಔಟ್ ಆದ.

ಆದರೂ ಗೆಲ್ಲಲಿಲ್ಲ. ರಾಥ್ ಆಫ್ ಗಾಡ್ ಬಂತು. ಎಲ್ಲಾ ಕ್ರಿಯೇಚರ್ ಹೋದವು, ಕೈಯಲ್ಲಿ ಒಂದು ಲ್ಯಾಂಡ್ ಮಾತ್ರ ಇತ್ತು. ಆಗುಂಬೆಯಣ್ಣ ಹೇಳಿದ್ದು ನೆನಪಾಯಿತು. ವೆಲ್ ಡೆಕ್ಕಿನಲ್ಲಿತ್ತು, ಬರಲಿಲ್ಲ. ಎರಡನೆಯವನಾಗಿ ಉಳಿದೆ. ಕೊನೆಯವರೆಗೂ ಆಟದಲ್ಲಿದ್ದೆ, ಅದೇ ಖುಷಿ.

ಈಗ ಗ್ರೀಡ್ ಮತ್ತು ಡಾನ್ ಆಫ್ ಹೋಪ್ ಎರಡನ್ನೂ ಸೇರಿಸಬೇಕು. ಸಿಂಡಿಕ್ ಆಫ್ ಟೈತ್ಸ್ ಮತ್ತು ಸೂಚರ್ ಪ್ರೀಸ್ಟ್ ತೆಗೆಯಲಾ?

ಸಾಗರದ ಅಕ್ಕ

ಸಿಂಡಿಕ್ ತೆಗಿ, ಪರವಾಗಿಲ್ಲ. ಸೂಚರ್ ಪ್ರೀಸ್ಟ್ ಮುಟ್ಟಬೇಡ, ನಿಮ್ಮಲ್ಲಿ ಟೋಕನ್ ಆಡುವವನು ಇದ್ದಾನೆ. ಅದರ ಬದಲು ಯಾವುದಾದರೂ ನಾಲ್ಕು ಮನಾದ ಕಾರ್ಡ್ ತೆಗಿ. ಮತ್ತೆ ಕ್ರಿಯೇಚರ್ ಮೂರು ಮೇಜಿನ ಮೇಲಿದ್ದರೆ ನಾಲ್ಕನೆಯದನ್ನು ಕೈಯಲ್ಲೇ ಇಟ್ಟುಕೋ. ಅಥಾರಿಟಿ, ಬ್ಲೈಂಡ್ ಒಬಿಡಿಯನ್ಸ್ ಇವನ್ನು ಮೊದಲು ಇಳಿಸು. ಮುಂದಿನ ಭಾನುವಾರ ಏನಾಯಿತೆಂದು ಬರಿ.